ಕನ್ನಡಿ ಪೆಟ್ಟಿಗೆ ಹೊತ್ತು ಮೇಷ್ಟ್ರ ನೆನಪಿನ ಪುಸ್ತಕ ಮಾಡಿದ್ದು

ನಮ್ಮ ಮನಶ್ಶಾಸ್ತ್ರದ ಮೇಷ್ಟ್ರು ತೀರಿಕೊಂಡ ಮೇಲೆ ಹಾಸನದಲ್ಲಿ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸಂಸ್ಮರಣ ಗ್ರಂಥವೊಂದನ್ನು ತರಬೇಕೆಂದು ತೀರ್ಮಾನಿಸಿ, ಸಂಪಾದನೆಯ ಹೊಣೆಯನ್ನು ನನಗೆ ವಹಿಸಿದರು. ಅದು ಮುಗಿಯಲು ಮೂರು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಒಂದೂವರೆ ವರ್ಷದ ಕೆಲಸ ಪೂರ್ತಿ ದಂಡ. ಎರಡನೆಯ ವರ್ಷದ ಸಭೆಯಲ್ಲಿ ಹಿರಿಯರೊಬ್ಬರು, "ಇವನು ಪುಸ್ತಕ ಮಾಡುತ್ತಿಲ್ಲ, ಪೆಟ್ಟಿಗೆ ಹೊತ್ತುಕೊಂಡು ಊರು ತಿರುಗುತ್ತಿದ್ದಾನೆ" ಎಂದು ಎಲ್ಲರೆದುರೇ ಹೇಳಿದ್ದರು. ಈಗ ನಾನೂರು ಪ್ರತಿಗಳು ಎರಡೇ ತಿಂಗಳಲ್ಲಿ ಖಾಲಿಯಾಗಿ, ಅದೇ ಹಿರಿಯರು ತಮ್ಮ ಅಣ್ಣನವರ ಸಂಸ್ಮರಣ ಗ್ರಂಥಕ್ಕೆ ನನ್ನನ್ನೇ ಕರೆದಿರುವುದರಿಂದ, ಮನಶ್ಶಾಸ್ತ್ರದ ಪ್ರಯೋಗದ ಆ ಕನ್ನಡಿ ಪೆಟ್ಟಿಗೆಯಿಂದ ಜನರ ನೆನಪು ಹೊರಡಿಸಿ ಪುಸ್ತಕ ಮಾಡಿದ ಬಗೆಯನ್ನು ಬರೆಯುವ ಧೈರ್ಯ ಬಂದಿದೆ. ಲೇಖನ ಕೇಳುವುದು, ಕರಡು ತಿದ್ದುವುದು, ಮುದ್ರಕರೊಡನೆ ಹೆಣಗುವುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವಂಥವು, ಅವನ್ನು ಬಿಟ್ಟುಬಿಡುತ್ತೇನೆ.

ಮೊದಲು ನಾನೂ ಎಲ್ಲರಂತೆಯೇ ಸುಮಾರು ಅರವತ್ತು ಜನರಿಗೆ ಪತ್ರ ಬರೆದು, ಮೂರು ಪುಟ ಮೀರದಂತೆ ನೆನಪಿನ ಲೇಖನ ಕೊಡಿ ಎಂದು ಕೇಳಿದೆ. ಇಪ್ಪತ್ತೇಳು ಬಂದವು. ಎಣಿಸದೆ ಯಾವುದನ್ನೂ ಹೇಳಬಾರದೆಂದು ಮೇಷ್ಟ್ರು ಕಲಿಸಿದ್ದರಿಂದ ಎಣಿಸಿ ನೋಡಿದೆ: ಹತ್ತೊಂಬತ್ತು ಲೇಖನಗಳಲ್ಲಿ "ಸರಳ ಸಜ್ಜನಿಕೆಯ ಮೂರ್ತಿ" ಇತ್ತು, ಹನ್ನೊಂದರಲ್ಲಿ "ತುಂಬಲಾರದ ನಷ್ಟ" ಇತ್ತು. ಹೆಸರನ್ನು ಅಳಿಸಿದರೆ ಅವನ್ನು ಸಹಕಾರಿ ಬ್ಯಾಂಕಿನ ಯಾವುದೇ ಮಾಜಿ ಅಧ್ಯಕ್ಷರ ಸಂಚಿಕೆಗೂ ಸೇರಿಸಬಹುದಾಗಿತ್ತು. ಅಷ್ಟರಲ್ಲಿ ಅಕ್ಷರ ಜೋಡಣೆಗೆ ದುಡ್ಡು ಕೊಟ್ಟಾಗಿತ್ತು. ಅದೂ "ನುಡಿ" ಎಂಬ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಜೋಡಿಸಿದ್ದು. ಈಗ ಎಲ್ಲೆಡೆ ಬಳಸುವ ಯುನಿಕೋಡ್ ಅಕ್ಷರಗಳಿಗೆ ಬದಲಿಸುವಾಗ ಅರ್ಕಾವೊತ್ತುಗಳೆಲ್ಲ ದಿಕ್ಕಾಪಾಲಾದವು. ಒಟ್ಟು ಹದಿನಾಲ್ಕು ಸಾವಿರದಷ್ಟು ಹಣ ಹೋಯಿತು. ಅದರಲ್ಲಿ ಅರ್ಧ ನನ್ನ ಜೇಬಿನದು.

ಆಮೇಲೆ ರೆಕಾರ್ಡರು ಹಿಡಿದು ಮನೆಮನೆಗೆ ಹೋದೆ. ಅದು ಇನ್ನೊಂದು ಬಗೆಯಲ್ಲಿ ಕೆಟ್ಟಿತು, ಮತ್ತು ಆ ತಪ್ಪು ಸಂಪೂರ್ಣವಾಗಿ ನನ್ನದೇ. "ಮೇಷ್ಟ್ರು ಎಂದೂ ಕೋಪ ಮಾಡಿಕೊಳ್ಳುತ್ತಿರಲಿಲ್ಲ, ಅಲ್ಲವೇ?" ಎಂದು ಕೇಳುತ್ತಿದ್ದೆ, ಎಲ್ಲರೂ ಹೌದೆನ್ನುತ್ತಿದ್ದರು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಮಾಡಿದ ಪ್ರಯೋಗವನ್ನು ಇದೇ ಮೇಷ್ಟ್ರು ನಮಗೆ ಎರಡು ತರಗತಿ ಪಾಠ ಮಾಡಿದ್ದರು: ಒಂದೇ ಅಪಘಾತದ ಚಲನಚಿತ್ರ ತುಣುಕನ್ನು ತೋರಿಸಿ, ಕಾರುಗಳು "ಅಪ್ಪಳಿಸಿದಾಗ" ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರೆ ಒಂದು ಉತ್ತರ, "ತಾಗಿದಾಗ" ಎಂದು ಕೇಳಿದರೆ ಅದಕ್ಕಿಂತ ಕಡಿಮೆ ವೇಗದ ಉತ್ತರ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ತೆಗೆದುಕೊಂಡಿದ್ದ ನಾನು ಮೇಷ್ಟ್ರ ಬಗ್ಗೆಯೇ ಕೇಳುವಾಗ ಅದನ್ನು ಮರೆತಿದ್ದೆ. ಹದಿನಾರು ಗಂಟೆಗಳ ಧ್ವನಿಮುದ್ರಣದಲ್ಲಿ ಕೊನೆಗೆ ಪುಸ್ತಕಕ್ಕೆ ಬಂದದ್ದು ಎರಡೂವರೆ ಪುಟ.

ದಾರಿ ತೋರಿದ್ದು ಅಟ್ಟ ಖಾಲಿ ಮಾಡುವ ಕೆಲಸ. ಮಳೆಗಾಲಕ್ಕೆ ಮುಂಚೆ ಸಾಮಾನು ಇಳಿಸಿಕೊಡಪ್ಪ ಎಂದು ಅಮ್ಮ, ಅಂದರೆ ಮೇಷ್ಟ್ರ ಮನೆಯವರು, ಹೇಳಿಕಳಿಸಿದ್ದರು. ಅಟ್ಟದಲ್ಲಿ ಕನ್ನಡಿ ಚಿತ್ರಣದ ಪೆಟ್ಟಿಗೆ ಸಿಕ್ಕಿತು. ಮನಶ್ಶಾಸ್ತ್ರ ಓದಿದವರಿಗೆ ಅದರ ವಿವರಣೆ ಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು: ಕೈಯನ್ನು ಹಲಗೆ ಮರೆಮಾಡುತ್ತದೆ, ಎದುರಿನ ಕನ್ನಡಿಯಲ್ಲಷ್ಟೇ ನೋಡಿಕೊಂಡು ಜೋಡಿಗೆರೆಯ ನಕ್ಷತ್ರದೊಳಗೆ ಪೆನ್ಸಿಲು ಎಳೆಯಬೇಕು. ಕಾಲೇಜಿನಲ್ಲಿದ್ದ ಒಂದೇ ಪೆಟ್ಟಿಗೆ ಸಾಲದೆಂದು ಮೇಷ್ಟ್ರು ಎಸ್ಟೇಟಿನ ಸಿಲ್ವರ್ ಮರದ ಹಲಗೆ ತರಿಸಿ, ಸ್ವಂತ ಖರ್ಚಿನಲ್ಲಿ ಮಾಡಿಸಿದ್ದ ಪೆಟ್ಟಿಗೆ ಇದು. ಅದೇ ವಾರ ಸಕಲೇಶಪುರದ ಕಡೆಯ ಎಸ್ಟೇಟಿನಲ್ಲಿ ರೈಟರಾಗಿದ್ದ, ಅಂದರೆ ಲೆಕ್ಕಪತ್ರ ಬರೆಯುತ್ತಿದ್ದ, ನನ್ನ ಸಹಪಾಠಿಯೊಬ್ಬ ಮನೆಗೆ ಬಂದಿದ್ದ. ಮೊದಲ ಸುತ್ತಿನ ಸಂದರ್ಶನದಲ್ಲಿ ಅವನು "ದೇವರಂಥ ಮನುಷ್ಯ" ಎಂಬುದಕ್ಕಿಂತ ಹೆಚ್ಚು ಹೇಳಿರಲಿಲ್ಲ. ತಮಾಷೆಗೆಂದು ಪೆಟ್ಟಿಗೆಯ ಮುಂದೆ ಕೂರಿಸಿದೆ. ನಕ್ಷತ್ರದ ಎರಡನೆಯ ಮೂಲೆಯಲ್ಲಿ ಪೆನ್ಸಿಲು ಸಿಕ್ಕಿಕೊಂಡು ಕೈ ನಡುಗತೊಡಗಿತು. "ಇದೇ ಮೂಲೇಲಿ ಕಣೋ ನಾನು ಪೆನ್ಸಿಲ್ ಬಿಸಾಡಿದ್ದು" ಎಂದ. ಫೀಸು ಕಟ್ಟಲಾಗದೆ ಕಾಲೇಜು ಬಿಡಲು ನಿರ್ಧರಿಸಿದ್ದ ದಿನ ಅದು. ಪೆನ್ಸಿಲು ಎತ್ತಿಕೊಟ್ಟ ಮೇಷ್ಟ್ರು ಏನೂ ಕೇಳದೆ ಅವನ ತಪ್ಪುಗಳನ್ನು ಎಣಿಸಿ ಬರೆದುಕೊಂಡು, ಸಂಜೆ ಮಹಾರಾಜ ಪಾರ್ಕಿನ ಬೆಂಚಿನಲ್ಲಿ ಕೂರಿಸಿಕೊಂಡು ಮಾತಾಡಿದ್ದರು. ಒಂದೂವರೆ ಗಂಟೆ ಹೇಳಿದ. ಅದು ಪುಸ್ತಕದ ಮೊದಲ ಅಧ್ಯಾಯವಾಯಿತು.

ಅಂದು ರಾತ್ರಿ ನನಗೆ ಎಚ್. ಎಂ. ಎಂಬ ಹೆಸರಿನಿಂದ ಮನಶ್ಶಾಸ್ತ್ರದಲ್ಲಿ ಪ್ರಸಿದ್ಧನಾದ ರೋಗಿಯ ಪಾಠ ನೆನಪಾಯಿತು. 1953ರಲ್ಲಿ ಮೂರ್ಛೆರೋಗಕ್ಕೆಂದು ನಡೆದ ಮಿದುಳಿನ ಶಸ್ತ್ರಚಿಕಿತ್ಸೆಯ ಬಳಿಕ ಆ ರೋಗಿಗೆ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಂದ ಮೂರು ದಿನ ಇದೇ ಕನ್ನಡಿ ನಕ್ಷತ್ರ ಬರೆಸಿದಾಗ, ಹಿಂದಿನ ದಿನ ಬರೆದದ್ದೇ ಅವನಿಗೆ ಗೊತ್ತಿಲ್ಲದಿದ್ದರೂ ತಪ್ಪುಗಳು ಕಡಿಮೆಯಾಗುತ್ತ ಹೋದವು. ಕೈಯ ನೆನಪೇ ಬೇರೆ, ಮಾತಿನ ನೆನಪೇ ಬೇರೆ ಎಂಬುದಕ್ಕೆ ಮೇಷ್ಟ್ರು ಕೊಡುತ್ತಿದ್ದ ಉದಾಹರಣೆ ಅದು. ನನ್ನ ಸಹಪಾಠಿಗೆ ಆದದ್ದು ಅದೇ ಅಲ್ಲ. ಆದರೂ ಕೈ ಮೊದಲು ಹೊರಟರೆ ಮಾತು ಹಿಂದೆ ಬರುತ್ತದೆಂಬ ಅಂದಾಜು ನನಗೆ ಅಲ್ಲಿಂದಲೇ ಹುಟ್ಟಿತು.

ಆಮೇಲೆ ಪೆಟ್ಟಿಗೆಯನ್ನು ಹಳೆಯ ಜಮಖಾನದಲ್ಲಿ ಸುತ್ತಿ ಆಲೂರು, ಬೇಲೂರು, ಅರಸೀಕೆರೆ, ಚಿಕ್ಕಮಗಳೂರು ಎಲ್ಲ ಕಡೆ ಹೊತ್ತೆ. ಬಸ್ಸಿನಲ್ಲಿ ಲಗೇಜು ಟಿಕೆಟ್ಟಿಗೆ ಜಗಳವಾಗಿದೆ. ಒಮ್ಮೆ ಕನ್ನಡಿ ಒಡೆದು, ಬೇಲೂರಿನಲ್ಲಿ ನೂರೆಂಬತ್ತು ರೂಪಾಯಿಗೆ ಬೇರೆ ಹಾಕಿಸಿದೆ. ನವೆಂಬರಿನಿಂದ ಜನವರಿಯವರೆಗೆ ತೋಟದವರನ್ನು ಕೇಳಲೇಬಾರದು. ಕಾಫಿ ಕೊಯ್ಲಿನ ಮಧ್ಯೆ ನಕ್ಷತ್ರ ಬರೆಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದ ಮರುವಾರ ಹೋದರೆ ಎಲ್ಲರೂ ಸಂತೋಷವಾಗಿರುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಬೇಕು, ಏಕೆಂದರೆ ಇಬ್ಬರಿದ್ದರೆ ಜೋರುಬಾಯಿಯವನ ನೆನಪೇ ಇಬ್ಬರ ನೆನಪೂ ಆಗಿಬಿಡುತ್ತದೆ. ಮೊದಲ ನಕ್ಷತ್ರ ಮುಗಿಯುವವರೆಗೆ ರೆಕಾರ್ಡರನ್ನು ಹೊರಗೆ ತೆಗೆಯುತ್ತಿರಲಿಲ್ಲ. ಎರಡನೆಯ ನಕ್ಷತ್ರದ ನಡುವೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದೆ. ಆ ಪ್ರಶ್ನೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಹಿರಿಯರ ಅಣ್ಣನವರ ಪುಸ್ತಕಕ್ಕೆ ಅದು ಬೇಕು. ಹೀಗೆ ಮೂವತ್ತೆಂಟು ಜನ ಕುಳಿತರು, ಮೂವತ್ತೊಂದು ಜನರಿಂದ ಪುಟಗಳು ಬಂದವು. ಪೆಟ್ಟಿಗೆ ಕಂಡದ್ದೇ ಸಿಟ್ಟಾಗಿ ಎದ್ದುಹೋದವರು ಇಬ್ಬರು.

ನಡುವೆ ಒಂದು ಅಡ್ಡ ಪ್ರಯೋಗ ಮಾಡದೆ ಇರಲಾಗಲಿಲ್ಲ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದಂತೆ, ಒಂದೇ ಕಥೆಯನ್ನು ಒಬ್ಬರಿಂದಲೇ ಬಹಳ ದಿನ ಬಿಟ್ಟು ಮತ್ತೆ ಮತ್ತೆ ಹೇಳಿಸಿದರೆ ಅದು ಹೇಳುವವರ ಲೋಕಕ್ಕೆ ಒಗ್ಗಿಕೊಳ್ಳುತ್ತ ಬದಲಾಗುತ್ತದೆ. ಮೇಷ್ಟ್ರ ನೆಚ್ಚಿನ ಪಾಠಗಳಲ್ಲಿ ಎಂ. ವಿ. ಗೋಪಾಲಸ್ವಾಮಿಯವರದೂ ಒಂದು: 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಕಟ್ಟಿ ನಡೆಸಿದವರು, "ಆಕಾಶವಾಣಿ" ಎಂಬ ಹೆಸರು ನಮ್ಮ ಬಾನುಲಿಗೆ ಬಂದದ್ದು ಆ ಕೇಂದ್ರದಿಂದ. ಈ ಪಾಠವನ್ನು ಹತ್ತು ಜನರಿಂದ ಆರು ತಿಂಗಳ ಅಂತರದಲ್ಲಿ ಎರಡು ಸಲ ಹೇಳಿಸಿದೆ. ಎರಡನೆಯ ಸಲ ನಾಲ್ವರು, ನಮ್ಮ ಮೇಷ್ಟ್ರೇ ಆ ಕೇಂದ್ರದಲ್ಲಿ ಕೆಲಸ ಮಾಡಿದ್ದರೆಂದು ಖಚಿತವಾಗಿ ಹೇಳಿದರು. ಅರವತ್ತರ ದಶಕದ ಕೊನೆಗೆ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಿದವರು 1935ರ ಆ ಮನೆಯ ಕೇಂದ್ರದಲ್ಲಿ ಕೆಲಸ ಮಾಡುವುದು ಹೇಗೆ? ಆ ನಾಲ್ಕನ್ನೂ ಪುಸ್ತಕದಲ್ಲಿ ಹಾಗೆಯೇ ಹಾಕಿ, ಕೆಳಗೆ ಇಸವಿಗಳನ್ನು ಕೊಟ್ಟಿದ್ದೇನೆ. ಮೇಷ್ಟ್ರ ಪಾಠಗಳನ್ನು ಧ್ವನಿಮುದ್ರಿಸಿದ್ದ ಹಳೆಯ ಕ್ಯಾಸೆಟ್ಟುಗಳ ಕಥೆ ಚಿಕ್ಕದು: ಹನ್ನೊಂದರಲ್ಲಿ ಬೂಷ್ಟು ಹಿಡಿದ ನಾಲ್ಕು ಹೋದವು, ಉಳಿದವುಗಳಿಂದ ಮೂರು ಪಾಠಗಳು ಸ್ಪಷ್ಟವಾಗಿ ಸಿಕ್ಕವು.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯ ಭಾಗ. ವಿದ್ಯಾರ್ಥಿಗಳು ಹೇಳಿದ ಮೇಷ್ಟ್ರಿಗೆ ಮನೆಯೇ ಇರಲಿಲ್ಲವೇನೋ ಎನ್ನುವಂತಿತ್ತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿದರೆ "ಚೆನ್ನಾಗಿ ನೋಡಿಕೊಂಡರಪ್ಪ" ಎಂದಷ್ಟೇ ಹೇಳುತ್ತಿದ್ದರು. ಕನ್ನಡಿ ಪೆಟ್ಟಿಗೆಯನ್ನು ಅವರು ಮುಟ್ಟಲೂ ಇಲ್ಲ. ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ ಸ್ಟಾಪ್‌ವಾಚು, ಮರದ ಬಾಚಣಿಗೆ, ಗ್ರಾಫ್ ಹಾಳೆಗಳ ಒಂದು ನೋಟುಬುಕ್ಕು ಸಿಕ್ಕಿದ್ದವು. "ಪ್ರಯೋಗ ಜ" ಎಂಬ ತಲೆಬರಹದ ಕೆಳಗೆ ಹಿ, ಮ, ಕಿ ಎಂಬ ಮೂರು ಸಾಲು, ದಿನಕ್ಕೊಂದು ಅಂಕಿ: ಮೊದಲ ದಿನ ಹದಿನಾಲ್ಕು ನಿಮಿಷ, ವಾರದ ಕೊನೆಗೆ ಒಂಬತ್ತು, ತಿಂಗಳಿಗೆ ನಾಲ್ಕೂವರೆ, ಆಮೇಲೆ ಗೆರೆ ಏರದೆ ಇಳಿಯದೆ ಮಟ್ಟಸವಾಗಿ ಸಾಗಿತ್ತು. ಅಭ್ಯಾಸವಾದಂತೆ ಹಿಡಿಯುವ ಸಮಯ ಇಳಿಯುವುದನ್ನು ತೋರಿಸುವ ಕಲಿಕೆಯ ರೇಖೆಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲವೆಂದು ಸಂತೋಷಪಟ್ಟು, ಅದನ್ನು ಪ್ರಯೋಗಾಲಯದ ಅಧ್ಯಾಯಕ್ಕೆ ಜೋಡಿಸಿ, ಪುಟವಿನ್ಯಾಸ ಕೂಡ ಮಾಡಿಸಿಬಿಟ್ಟಿದ್ದೆ.

ಕರಡು ನೋಡಲು ಬಂದ ಹಿರಿಯ ಮಗಳು ಮೇಜಿನ ಮೇಲಿದ್ದ ಬಾಚಣಿಗೆಯನ್ನು ಕೈಗೆತ್ತಿಕೊಂಡು ನಕ್ಕರು. ಅಮ್ಮ ಆಲೂರು ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಟೀಚರಾಗಿದ್ದರು. ಮೊದಲ ಬಸ್ಸು ಹಿಡಿಯಲು ಆರೂವರೆಗೇ ಮನೆ ಬಿಡುತ್ತಿದ್ದರು. ಮೂವರು ಹೆಣ್ಣುಮಕ್ಕಳಿಗೂ ಜಡೆ ಹಾಕುವ ಕೆಲಸ ಮೇಷ್ಟ್ರಿಗೆ ಬಿತ್ತು. "ಜ" ಎಂದರೆ ಜಡೆ. ಹಿರಿಯವಳು, ಮಧ್ಯದವಳು, ಕಿರಿಯವಳು. ಎಂಟೂವರೆಯ ತರಗತಿಗೆ ಒಂದು ದಿನವೂ ತಡವಾಗಿ ಬಾರದೆ ಪಾಠ ಮಾಡಿ ಹೋಗುತ್ತಿದ್ದ ಅವರ ಬೆರಳಿಗೆ ಕೊಬ್ಬರಿ ಎಣ್ಣೆಯ ವಾಸನೆ ಇದ್ದದ್ದನ್ನು ಆಮೇಲೆ ಕೇಳಿದಾಗ ಐದು ಜನ ಹಳೆಯ ವಿದ್ಯಾರ್ಥಿಗಳು ನೆನಪಿಸಿಕೊಂಡರು. ಅದರಲ್ಲಿ ಎಷ್ಟು ನಿಜ, ಎಷ್ಟು ನನ್ನ ಪ್ರಶ್ನೆಯ ಫಲ ಎಂದು ಹೇಳಲಾರೆ. ಹಾಗಾಗಿ ಅದನ್ನು ಅಚ್ಚು ಮಾಡಲಿಲ್ಲ. ಮಗಳು ಮಾತ್ರ ಬಾಚಣಿಗೆಯನ್ನು ಹಿಡಿದೇ ಮೂರು ಗಂಟೆ ಮಾತಾಡಿದರು. ಮರುದಿನ ಉಳಿದಿಬ್ಬರಿಗೂ ಫೋನು ಮಾಡಿ ಬಾಚಣಿಗೆ ಹಿಡಿದುಕೊಂಡೇ ಮಾತಾಡಿ ಎಂದು ಕೇಳಿದೆ, ಬೈಸಿಕೊಂಡೆ, ಆದರೂ ಮಾತಾಡಿದರು. ಪ್ರಯೋಗಾಲಯದ ಅಧ್ಯಾಯದಿಂದ ಗ್ರಾಫ್ ಕಿತ್ತು ಮನೆಯ ಅಧ್ಯಾಯಕ್ಕೆ ಹಾಕಿದ್ದಕ್ಕೆ ಪುಟವಿನ್ಯಾಸದವರು ಮತ್ತೆ ಮೂರು ಸಾವಿರ ತೆಗೆದುಕೊಂಡರು.

ಡೆಮಿ ಆಕಾರ, ಇನ್ನೂರ ನಲವತ್ತು ಪುಟ, ನಾನೂರು ಪ್ರತಿ. ಅಚ್ಚು, ಕಾಗದ, ಹೊಲಿಗೆ ಸೇರಿ ನಲವತ್ತೈದು ಸಾವಿರದ ಹತ್ತಿರ. ಓಡಾಟ, ಜೋಡಣೆ, ಹಳೆಯ ದಂಡ ಎಲ್ಲ ಸೇರಿದರೆ ತೊಂಬತ್ತು ದಾಟಿತು. ಇನ್ನೂರೈವತ್ತರ ಬೆಲೆಯಿಟ್ಟು ಮಾರಿದ್ದರಿಂದ, ಉಚಿತವಾಗಿ ಕೊಟ್ಟವನ್ನು ಕಳೆದರೂ ಸಾಲವಾಗಲಿಲ್ಲ.

ಮೊದಲ ಪ್ರತಿಯನ್ನು ಅಮ್ಮನ ಕೈಗೆ ಕೊಟ್ಟಾಗ ಅವರು ಗ್ರಾಫಿನ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹನ್ನೆರಡನೆಯ ದಿನದ ಮೇಲೆ ಬೆರಳಿಟ್ಟು, "ಇದು ಅವರು ಹಾಕಿದ್ದಲ್ಲ. ಅವತ್ತು ಅವರಿಗೆ ಜ್ವರ, ನಾನು ರಜೆ ಹಾಕಿದ್ದೆ. ಜಡೆ ಹಾಕಿದ್ದು ನಾನು, ಗಡಿಯಾರ ಹಿಡಿದದ್ದು ಅವರು" ಎಂದರು. ಆ ದಿನದ ಅಂಕಿ ಮೂರು ನಿಮಿಷ. ಉಳಿದ ಗೆರೆಗಿಂತ ಬಹಳ ಕೆಳಗಿರುವ ಆ ಚುಕ್ಕೆಯನ್ನು ನಾನು ಅಳತೆಯ ತಪ್ಪೆಂದುಕೊಂಡಿದ್ದೆ. ಎರಡನೆಯ ಮುದ್ರಣಕ್ಕೆ ಚುಕ್ಕೆಯನ್ನು ಇದ್ದಲ್ಲೇ ಬಿಟ್ಟು, ಅಮ್ಮನ ಮಾತನ್ನು ಅದರ ಕೆಳಗೆ ಹಾಕಿಸಿದ್ದೇನೆ.