ಅಡ್ವೆಂಚರ್ ರೇಸಿಂಗ್‌ನ ಶ್ರೇಯಾಂಕ ಪಟ್ಟಿಯನ್ನು ಓದುವ ಬಗೆ

ಅಡ್ವೆಂಚರ್ ರೇಸಿಂಗ್ ವರ್ಲ್ಡ್ ಸೀರೀಸ್‌ನ ಶ್ರೇಯಾಂಕ ಪಟ್ಟಿಯನ್ನು ಓದುವ ಮುನ್ನ, ಅಲ್ಲಿ ಅಂಕ ಸಲ್ಲುವುದು ತಂಡಕ್ಕೇ ಹೊರತು ಒಬ್ಬ ಆಟಗಾರನಿಗಲ್ಲ ಎಂಬುದನ್ನು ಗಮನಿಸಬೇಕು. ಸ್ತ್ರೀಪುರುಷರಿಬ್ಬರೂ ಇರಲೇಬೇಕಾದ ನಾಲ್ವರ ತಂಡವು ನಕ್ಷೆ, ದಿಕ್ಸೂಚಿಗಳನ್ನು ಹಿಡಿದು, ನಡೆಯುತ್ತಾ, ಸೈಕಲ್ ತುಳಿಯುತ್ತಾ, ದೋಣಿಗೆ ಹುಟ್ಟು ಹಾಕುತ್ತಾ ಹಗಲುರಾತ್ರಿ ಒಟ್ಟಿಗೇ ಸಾಗುತ್ತದೆ.

ಮೊದಲು ಒಂದೊಂದು ರೇಸಿನ ಫಲಿತಾಂಶವನ್ನು ನೋಡಿ. ನಾಲ್ಕನೆಯ ದಿನದ ನಸುಕಿನಲ್ಲಿ ಒಬ್ಬರು ಅಂಗಾಲಿನ ಬೊಬ್ಬೆ ತಾಳಲಾರದೆ ಹಿಂದೆ ಸರಿದರೆ, ಉಳಿದ ಮೂವರು ಗುರಿ ಮುಟ್ಟಿದರೂ ತಂಡಕ್ಕೆ ಸ್ಥಾನ ದೊರೆಯದು. ಕಠೋರವೆನಿಸಿದರೂ ಈ ಕ್ರೀಡೆಯ ಸ್ವಾರಸ್ಯ ಈ ನಿಯಮದಲ್ಲೇ ಇದೆಯೆಂದು ನನಗೆ ಅನಿಸುತ್ತದೆ. ತಡವಾದ ಕಾರಣ ಮೊಟಕುಗೊಳಿಸಿದ ಮಾರ್ಗಕ್ಕೆ ತಿರುಗಿದ ತಂಡಗಳನ್ನು, ಪೂರ್ಣ ಮಾರ್ಗ ಮುಗಿಸಿದವರ ಕೆಳಗೆ ಹುಡುಕಿ. ಅಲ್ಲಿ ಗಡಿಯಾರವನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ.

ಬಳಿಕ ಪ್ರತಿ ಸ್ಥಾನಕ್ಕೆ ಸಲ್ಲುವ ಅಂಕಗಳನ್ನು ಕೂಡಿಸಿದಾಗ ಶ್ರೇಯಾಂಕ ಮೂಡುತ್ತದೆ. ಆದರೆ ವಿಶ್ವ ಚಾಂಪಿಯನ್ ಪಟ್ಟವನ್ನು ಈ ಕೂಡಿಕೆಯಿಂದ ನಿರ್ಧರಿಸುವುದಿಲ್ಲ: ಅರ್ಹತಾ ರೇಸ್ ಗೆದ್ದ ತಂಡಗಳೂ ಸೇರುವ, 2019ರಲ್ಲಿ ಶ್ರೀಲಂಕಾದಲ್ಲಿ ನಡೆದಂತಹ ಒಂದೇ ಚಾಂಪಿಯನ್‌ಷಿಪ್ ರೇಸಿನಲ್ಲಿ ಅದು ತೀರ್ಮಾನವಾಗುತ್ತದೆ. ಹೀಗಾಗಿ ಪಟ್ಟಿಯ ಅಗ್ರಸ್ಥಾನದಲ್ಲಿರುವ ತಂಡ ಒಂದಾಗಿ, ಚಾಂಪಿಯನ್ ತಂಡ ಇನ್ನೊಂದಾಗಿರಬಹುದು.