ಹಿತ್ತಲ ತೊಟ್ಟಿಯಲ್ಲಿ ಸ್ಪಿರುಲಿನಾ: ಸಾವಿರ ಲೀಟರಿನ ಲೆಕ್ಕ

ಸ್ಪಿರುಲಿನಾ ಅನ್ನುವ, ತಿನ್ನುವ ನೀಲಿ-ಹಸಿರು ಪಾಚಿ ಬೆಳೀಬೇಕು ಅಂತ ಬರುವವರೆಲ್ಲ ಮೊದಲು ಕೇಳುವುದು ‘ಬೀಜ ಎಲ್ಲಿ ಸಿಗುತ್ತೆ ಅಕ್ಕಾ?’ ಅಂತ. ನಾನು ತಿರುಗಿ ಕೇಳುವುದು ‘ನಿಮ್ಮ ಬೋರ್ ನೀರು ಹೇಗಿದೆ?’ ನಮ್ಮ ಹಿರಿಯೂರು ಕಡೆಯ ಹಾಗೆ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವ ನೀರಾದರೆ ಅದು ಬೇಡ. ಈ ಪಾಚಿ ಬೆಳೆಯುವುದು ಸೋಡಾ ಬೆರೆಸಿದ ಕ್ಷಾರದ ನೀರಿನಲ್ಲಿ. ಗಡಸು ನೀರಿಗೆ ಸೋಡಾ ಬಿದ್ದರೆ ಸುಣ್ಣದಂಶ ಬೆಳ್ಳಗೆ ತಳಕ್ಕೆ ಇಳಿಯುತ್ತದೆ, ದುಡ್ಡು ಕೊಟ್ಟು ಹಾಕಿದ ರಂಜಕವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನಾನು ಬಳಸುವುದು ಚಾವಣಿಯ ಮಳೆನೀರು, ಅದು ತೀರಿದ ಮೇಲೆ ಆರ್‌ಓ ನೀರು. ಯಾವುದೇ ನೀರಾದರೂ ಸೀಸ, ಆರ್ಸೆನಿಕ್ ಇಲ್ಲವೆಂದು ಲ್ಯಾಬಿನಲ್ಲಿ ಒಮ್ಮೆ ನೋಡಿಸಿ. ನೀರಿನಲ್ಲಿರುವ ಭಾರಲೋಹವನ್ನು ಪಾಚಿ ಹೀರಿಕೊಳ್ಳುತ್ತದೆ.

ತೊಟ್ಟಿ 10 ಅಡಿ ಉದ್ದ, 5 ಅಡಿ ಅಗಲ ಸಾಕು. ಇಟ್ಟಿಗೆ ಜೋಡಿಸಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೂ ನಡೆಯುತ್ತದೆ. ನೀರು 8 ಇಂಚು ನಿಂತರೆ ಹೆಚ್ಚುಕಮ್ಮಿ 1000 ಲೀಟರ್. ಅದಕ್ಕೆ ಅಡುಗೆ ಸೋಡಾ 8 ಕಿಲೋ, ಅಯೋಡಿನ್ ಇಲ್ಲದ ಉಪ್ಪು 5 ಕಿಲೋ, ಡ್ರಿಪ್‌ಗೆ ಬಿಡುವ 13:0:45 ಗೊಬ್ಬರ (ಪೊಟ್ಯಾಸಿಯಂ ನೈಟ್ರೇಟ್) 2 ಕಿಲೋ, ರಂಜಕದ 12:61:0 ಗೊಬ್ಬರ (ಮೋನೋ ಅಮೋನಿಯಂ ಫಾಸ್ಫೇಟ್) 80 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 200 ಗ್ರಾಂ, ಕಬ್ಬಿಣದ ಸಲ್ಫೇಟ್ 5 ಗ್ರಾಂ. ಕಬ್ಬಿಣವನ್ನು ಹಾಗೇ ಸುರಿದರೆ ತುಕ್ಕಿನ ಬಣ್ಣದಲ್ಲಿ ಗಸಿಯಾಗಿ ಕೂರುತ್ತದೆ, ಪಾಚಿಗೆ ದಕ್ಕುವುದಿಲ್ಲ. ಒಂದು ಲೋಟ ನೀರಿಗೆ ನಿಂಬೆರಸ ಹಿಂಡಿ ಅದರಲ್ಲಿ ಕದಡಿ ಹಾಕಿ. ಬೇವು ಲೇಪಿತ ಯೂರಿಯಾ ಮೂಟೆಯ ಕಡೆ ಕೈ ಹೋಗದಿರಲಿ. ಬೆಳೆಯುತ್ತಿರುವುದು ತಿನ್ನುವ ಪದಾರ್ಥ.

ಈಗ ಬೀಜ. ತೊಟ್ಟಿ ನಡೆಸುತ್ತಿರುವವರಿಂದ ಹಸಿ ಕಲ್ಚರ್, ಅಂದರೆ ಜೀವಂತ ಪಾಚಿಯಿರುವ ನೀರು ತನ್ನಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿ ಎಂದು ಧೈರ್ಯವಾಗಿ ಕೇಳಿ. ಸ್ಪ್ರಿಂಗಿನ ಸುರುಳಿ ಕಾಣಬೇಕು. ಉಂಡೆಯುಂಡೆ ಗುಂಪುಗಳು ಕಂಡರೆ ವಾಪಸ್ ಬನ್ನಿ, ನೀಲಿ-ಹಸಿರು ಪಾಚಿಗಳಲ್ಲಿ ವಿಷ ಮಾಡುವ ಜಾತಿಗಳೂ ಇವೆ. ತಂದ ಬೀಜವನ್ನು ಒಂದೇ ಸಲ ಇಡೀ ತೊಟ್ಟಿಗೆ ಸುರಿಯಬಾರದು. ಬಕೆಟ್ಟಿನಲ್ಲಿ, ಆಮೇಲೆ ಡ್ರಮ್ಮಿನಲ್ಲಿ, ಹಸಿರು ಗಟ್ಟಿಯಾದಂತೆ ಹೊಸ ನೀರು ಸೇರಿಸುತ್ತಾ ಬನ್ನಿ. ತೆಳುವಾಗಿರುವಾಗ ನೇರ ಬಿಸಿಲು ತಾಗಿದರೆ ಬಣ್ಣ ಕಳೆದುಕೊಂಡು ಸಾಯುತ್ತದೆ, ಆದ್ದರಿಂದ ಮೇಲೆ ಶೇಡ್ ನೆಟ್. ಸೊಳ್ಳೆ ಪರದೆಯೂ ಇರಲಿ, ಇಲ್ಲವಾದರೆ ನೊಣ ಮೊಟ್ಟೆಯಿಟ್ಟು ಹುಳುವಾಗುತ್ತದೆ. ಮಳೆಗಾಲಕ್ಕೆ ಪಾರದರ್ಶಕ ಹಾಳೆಯ ಸೂರು ಬೇಕೇ ಬೇಕು.

ಹೊಸ ನೀರಿನ ಪಿಎಚ್ ಎಂಟರ ಆಸುಪಾಸು ಇರುತ್ತದೆ, ಪಾಚಿ ಬೆಳೆದಂತೆ ತಾನಾಗಿ ಹತ್ತರ ಹತ್ತಿರ ಏರುತ್ತದೆ. ಅದೇ ನಮಗೆ ಕಾವಲು, ಆ ಕ್ಷಾರದಲ್ಲಿ ಬೇರೆ ಪಾಚಿಗಳು ಸುಲಭಕ್ಕೆ ಬದುಕುವುದಿಲ್ಲ. ನೀರು 30ರಿಂದ 35 ಡಿಗ್ರಿ ಬೆಚ್ಚಗಿದ್ದರೆ ಬೆಳೆ ಜೋರು. ಡಿಸೆಂಬರಿನ ಚಳಿಗೆ ಮಂದ. ದಿನಕ್ಕೆ ನಾಲ್ಕೈದು ಸಲ ಹೊಸ ಪೊರಕೆಯಿಂದ ಮೆಲ್ಲಗೆ ತಿರುವಿ. ಮುಳುಗುವ ಪಂಪು ಹಾಕಬೇಡಿ, ಅದರ ರೆಕ್ಕೆಗೆ ಸಿಕ್ಕಿ ಪಾಚಿಯ ಎಳೆ ತುಂಡಾದರೆ ಆಮೇಲೆ ಬಟ್ಟೆಯಲ್ಲಿ ನಿಲ್ಲದೆ ಸೋರಿಹೋಗುತ್ತದೆ.

ಕೊಯ್ಲಿಗೆ ಬಂದಿದೆಯೇ ಎಂದು ನೋಡಲು ಒಂದು ಕಡ್ಡಿಯ ತುದಿಗೆ ಬಿಳಿ ಬಾಟಲಿ ಮುಚ್ಚಳ ಸಿಕ್ಕಿಸಿ, ಸೆಂಟಿಮೀಟರ್ ಗುರುತು ಹಾಕಿ ಮುಳುಗಿಸಿ. 2–3 ಸೆಂ.ಮೀ.ಗೇ ಮುಚ್ಚಳ ಕಣ್ಮರೆಯಾದರೆ ತೆಗೆಯಬಹುದು. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ತೊಟ್ಟಿಯ ಕಾಲು ಭಾಗಕ್ಕಿಂತ ಹೆಚ್ಚಿಲ್ಲ. 40–50 ಮೈಕ್ರಾನ್ ಕಣ್ಣಿನ ಪಾಲಿಯೆಸ್ಟರ್ ಬಟ್ಟೆಯಲ್ಲಿ ಸೋಸಿ, ಕೆಳಗೆ ಬಿದ್ದ ನೀರನ್ನು ಮರಳಿ ತೊಟ್ಟಿಗೇ ಹಾಕಿ. ನೀರು ಖರ್ಚಾಗುವುದು ಬಹುಪಾಲು ಆವಿಯಾಗಿ ಅಷ್ಟೇ.

ಬೆಳೆಯುವುದಕ್ಕಿಂತ ಒಣಗಿಸುವ ಕೆಲಸಕ್ಕೇ ನಾನು ಹೆಚ್ಚು ತಲೆಕೆಡಿಸಿಕೊಳ್ಳುತ್ತೇನೆ. ಬಟ್ಟೆಯಲ್ಲಿ ಉಳಿದದ್ದನ್ನು ಗಂಟು ಕಟ್ಟಿ, ಮೇಲೆ ಕಲ್ಲು ಹೇರಿ ಚಕ್ಕುಲಿ ಹಿಟ್ಟಿನ ಹದಕ್ಕೆ ತನ್ನಿ. ಆಮೇಲೆ ಚಕ್ಕುಲಿ ಒರಳಿಗೇ ಶಾವಿಗೆ ಬಿಲ್ಲೆ ಹಾಕಿ ಜಾಲರಿಯ ಮೇಲೆ ಎಳೆಯೆಳೆಯಾಗಿ ಒತ್ತಿ. ಉಂಡೆಯಾಗಿ ಬಿಟ್ಟರೆ ಮೇಲೆ ಒಣಗಿ ಒಳಗೆ ಹಳಸುತ್ತದೆ, ನಾತ ತಡೆಯಲಾಗುವುದಿಲ್ಲ. ಸೋಲಾರ್ ಡ್ರೈಯರ್‌ನ ಗಾಜಿನ ಮೇಲೆ ಕಪ್ಪು ಬಟ್ಟೆ ಹೊದಿಸಿ, ನೇರ ಬಿಸಿಲು ಅದರ ನೀಲಿ ಬಣ್ಣವನ್ನು ಕೊಲ್ಲುತ್ತದೆ. ಒಳಗಿನ ಶಾಖ 60 ಡಿಗ್ರಿ ದಾಟದಿರಲಿ. ಅವತ್ತೇ ಒಣಗಬೇಕು, ಬೆರಳಲ್ಲಿ ಹಿಡಿದರೆ ಪಟ್ಟನೆ ಮುರಿಯಬೇಕು. ಬಗ್ಗಿದರೆ ಡಬ್ಬಿಗೆ ಹಾಕುವಂತಿಲ್ಲ.

ಕೊಯ್ಲಿನಲ್ಲಿ ತೆಗೆದಷ್ಟು ಆಹಾರವನ್ನು ತೊಟ್ಟಿಗೆ ವಾಪಸ್ ಕೊಡುವ ಲೆಕ್ಕ ಹೀಗೆ. ಒಂದು ಕಿಲೋ ಒಣ ಪುಡಿಯಲ್ಲಿ ಸುಮಾರು 600 ಗ್ರಾಂ ಪ್ರೋಟೀನ್, ಅದರ ಆರನೇ ಒಂದು ಪಾಲು ಸಾರಜನಕ, ಅಂದರೆ 100 ಗ್ರಾಂ. 13:0:45ರಲ್ಲಿ ಸಾರಜನಕ ನೂರಕ್ಕೆ 13. ಹಾಗಾಗಿ ಕಿಲೋ ಪುಡಿಗೆ ಮುಕ್ಕಾಲು ಕಿಲೋಗಿಂತ ತುಸು ಹೆಚ್ಚು ಗೊಬ್ಬರ. 12:61:0 ಒಂದು 50 ಗ್ರಾಂ.

ಇನ್ನು ದುಡ್ಡು. ಚದರ ಮೀಟರಿಗೆ ದಿನಕ್ಕೆ 5ರಿಂದ 7 ಗ್ರಾಂ ಬಂದರೆ ಒಳ್ಳೆಯ ಬೆಳೆ. ಈ ತೊಟ್ಟಿಯಲ್ಲಿ ಅದು 25–30 ಗ್ರಾಂ, ತಿಂಗಳಿಗೆ ಮುಕ್ಕಾಲು ಕಿಲೋ. ವಿಡಿಯೋಗಳಲ್ಲಿ ಲಕ್ಷ ಎಣಿಸುವವರನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಕಲಿಯಲು ಒಂದು ತೊಟ್ಟಿ, ಕಸುಬಿಗೆ ಹತ್ತಾದರೂ ಬೇಕು. ಮೊದಲು ಅಕ್ವೇರಿಯಂ ಅಂಗಡಿಗೆ ಕೊಡಿ, ಬಣ್ಣದ ಮೀನಿಗೆ ಇದು ಒಳ್ಳೆಯ ಆಹಾರ. ನಾಟಿ ಕೋಳಿಗೆ ಹಾಕಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದೆ. ಜನ ತಿನ್ನುವುದಕ್ಕೆ ಮಾರುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ, ಲ್ಯಾಬ್ ವರದಿ ಎರಡೂ ಕೈಯಲ್ಲಿರಬೇಕು. ಬರೀ ಪುಡಿಯ ವಾಸನೆಗೆ ಮಕ್ಕಳು ಮೂಗು ಮುರಿಯುತ್ತವೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಸ್ಪಿರುಲಿನಾ ಚಿಕ್ಕಿ ಮಾಡಿದ್ದು ಸುಮ್ಮನೆ ಅಲ್ಲ, ಬೆಲ್ಲ-ಶೇಂಗಾದ ಜೊತೆ ಹೋದರೆ ಗೊತ್ತಾಗುವುದಿಲ್ಲ. ಆದರೆ ಪೊಟ್ಟಣದ ಮೇಲೆ ‘ಬಿ12 ಭಂಡಾರ’ ಎಂದು ಅಚ್ಚು ಹಾಕಿಸಬೇಡಿ. ಇದರಲ್ಲಿರುವುದು ಬಹುಪಾಲು ನಮ್ಮ ಮೈಗೆ ಹತ್ತದ ಬಗೆಯ ಬಿ12 ವಿಟಮಿನ್. ಪ್ರೋಟೀನ್ ಎಷ್ಟಿದೆ ಎಂದು ಲ್ಯಾಬಿನವರು ಕೊಟ್ಟ ಅಂಕಿ, ಒಣಗಿಸಿದ ದಿನಾಂಕ ಇಷ್ಟು ಬರೆಸಿ.