ಖಾಲಿಯಾದ ಟ್ಯೂನಾ ಸಂತತಿಯನ್ನು ಮತ್ತೆ ತುಂಬಿಸುವುದು ಹೇಗೆ?

2007ರ ಒಂದು ಲೆಕ್ಕದಿಂದ ಶುರು ಮಾಡೋಣ. ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಸಮುದ್ರದಲ್ಲಿ ಆ ವರ್ಷ ಬ್ಲೂಫಿನ್ ಟ್ಯೂನಾ ಹಿಡಿಯಲು ಇದ್ದ ಮಿತಿ 29,500 ಟನ್. ವಿಜ್ಞಾನಿಗಳು ಹೇಳಿದ್ದು 15,000 ಟನ್ ದಾಟಬೇಡಿ ಅಂತ. ನಿಜಕ್ಕೂ ಹಿಡಿದದ್ದು ಎಷ್ಟು? ಸುಮಾರು 61,000 ಟನ್ ಎಂದು ಅದೇ ವಿಜ್ಞಾನಿಗಳು ಆಮೇಲೆ ಅಂದಾಜು ಮಾಡಿದರು. ತಮಾಷೆ ಏನು ಗೊತ್ತಾ, ಈ ಮೀನನ್ನು ಉಳಿಸುವ ಹದಿನೈದು ವರ್ಷದ ಅಂತಾರಾಷ್ಟ್ರೀಯ ಯೋಜನೆ ಶುರುವಾದದ್ದೂ ಅದೇ ವರ್ಷ.

ಆ ಮೀನು ಈಗ ಚೇತರಿಸಿಕೊಂಡಿದೆ. ನಿಯಮ ಬರೆದದ್ದರಿಂದ ಚೇತರಿಸಿತು ಅಂದರೆ ನಾನು ಒಪ್ಪುವುದಿಲ್ಲ, ಏಕೆಂದರೆ ನಿಯಮ 2006ರಲ್ಲೇ ಬರೆದಾಗಿತ್ತು. ಮೀನನ್ನು ನೆಟ್ಟಗೆ ಎಣಿಸಲು ಶುರು ಮಾಡಿದ ಮೇಲೆ ಚೇತರಿಸಿತು. ಹೇಗೆ ಅಂತ ಒಂದೊಂದೇ ಹೆಜ್ಜೆ ನೋಡೋಣ, ಎಡವಿದ ಜಾಗಗಳೂ ಸೇರಿ.

ಮೊದಲು, ಮೀನು ಯಾರದ್ದು?

ಯಾರದ್ದೂ ಅಲ್ಲ, ಎಲ್ಲರದ್ದೂ ಹೌದು. ಬ್ಲೂಫಿನ್ ಅಂದರೆ ಮೂರು ಮೀಟರ್ ಉದ್ದ, ನಾಲ್ಕೈದು ಕ್ವಿಂಟಲ್ ತೂಕದವರೆಗೂ ಬೆಳೆಯುವ ಮೀನು. ಮೈ ಬಿಸಿ ಕಾಪಾಡಿಕೊಳ್ಳಬಲ್ಲದು. ಹಾಗಾಗಿ ನಾರ್ವೆಯ ತಣ್ಣೀರಿಗೂ ಹೋಗುತ್ತದೆ, ಮೇ-ಜೂನ್ ಹೊತ್ತಿಗೆ ಮೊಟ್ಟೆ ಇಡಲು ಬಲೆಯಾರಿಕ್ ದ್ವೀಪಗಳು, ಸಿಸಿಲಿ, ಮಾಲ್ಟಾ ಸುತ್ತಲಿನ ಬೆಚ್ಚಗಿನ ನೀರಿಗೆ ವಾಪಸ್ಸೂ ಬರುತ್ತದೆ. ಇಂಥ ಅಲೆಮಾರಿ ಮೀನಿಗೆ ಒಂದು ದೇಶದ ಕಾನೂನು ಎಲ್ಲಿ ಸಾಕಾಗುತ್ತದೆ? ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನಿನ 64ನೇ ವಿಧಿ ಹೇಳುವುದು ಇದನ್ನೇ: ದೂರ ವಲಸೆ ಹೋಗುವ ಮೀನುಗಳನ್ನು ಸಂಬಂಧಪಟ್ಟ ದೇಶಗಳು ಸೇರಿಯೇ ನೋಡಿಕೊಳ್ಳಬೇಕು. 1995ರ ಇನ್ನೊಂದು ಒಪ್ಪಂದ ಸ್ವಲ್ಪ ಖಾರ ಸೇರಿಸಿತು. ಅಪಾಯದ ಗೆರೆಯನ್ನು ಮೊದಲೇ ಎಳೆದಿಡಿ, ಮಾಹಿತಿ ಸಾಲದು ಅನ್ನುವುದನ್ನೇ ನೆಪ ಮಾಡಿಕೊಂಡು ಸುಮ್ಮನೆ ಕೂರಬೇಡಿ ಎಂದಿತು.

ಅಟ್ಲಾಂಟಿಕ್‌ನಲ್ಲಿ ಈ ಕೆಲಸ ಐಕ್ಯಾಟ್ ಎಂಬ ಸಂಸ್ಥೆಯದ್ದು. 1966ರಲ್ಲಿ ರಿಯೊ ಡಿ ಜನೈರೊದಲ್ಲಿ ಸಹಿಯಾದ ಒಪ್ಪಂದದಿಂದ ಹುಟ್ಟಿದ ಸಂಸ್ಥೆ, ಕಚೇರಿ ಮ್ಯಾಡ್ರಿಡ್‌ನಲ್ಲಿ. ಅದು ಸಾಗರದ ನಡುವೆ 45 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ ಗೆರೆ ಎಳೆದು ಬ್ಲೂಫಿನ್ ಅನ್ನು ಎರಡು ಸಂತತಿ, ಅಂದರೆ ಬೇರೆ ಬೇರೆಯಾಗಿ ಲೆಕ್ಕ ಇಡುವ ಎರಡು ಗುಂಪು, ಮಾಡಿದೆ. ಮೆಕ್ಸಿಕೊ ಕೊಲ್ಲಿಯಲ್ಲಿ ಮೊಟ್ಟೆ ಇಡುವುದು ಪಶ್ಚಿಮದ್ದು, ಮೆಡಿಟರೇನಿಯನ್‌ನಲ್ಲಿ ಇಡುವುದು ಪೂರ್ವದ್ದು. ಮೀನಿಗೇನು ಆ ಗೆರೆ ಕಾಣುತ್ತದಾ, ಅತ್ತಿತ್ತ ದಾಟಿಕೊಂಡೇ ಇರುತ್ತದೆ. ಆದರೆ ಲೆಕ್ಕ ಎಲ್ಲಿಂದಲಾದರೂ ಶುರುವಾಗಬೇಕಲ್ಲ.

ಎಷ್ಟು ಕೆಟ್ಟಿದೆ ಅಂತ ಬಣ್ಣದಲ್ಲಿ ಹೇಳಿ

ಕೇಳಬೇಕಾದ ಪ್ರಶ್ನೆ ಎರಡು. ಮೊಟ್ಟೆ ಇಡುವ ದೊಡ್ಡ ಮೀನು ಸಮುದ್ರದಲ್ಲಿ ಸಾಕಷ್ಟು ಉಳಿದಿದೆಯಾ? ಈಗ ಹಿಡಿಯುತ್ತಿರುವ ವೇಗ ಜಾಸ್ತಿಯಾಯಿತಾ? ಇವೆರಡೂ ಬೇರೆ ಬೇರೆ. ಬಿತ್ತನೆಗೆ ಇಟ್ಟ ಭತ್ತ ಕಣಜದಲ್ಲಿ ಎಷ್ಟಿದೆ ಅನ್ನುವುದು ಒಂದು, ದಿನಾ ಅದರಿಂದ ಎಷ್ಟು ಸೇರು ಅಳೆದು ಅನ್ನ ಮಾಡುತ್ತಿದ್ದೀರಿ ಅನ್ನುವುದು ಇನ್ನೊಂದು.

2007ರಲ್ಲಿ ಜಪಾನಿನ ಕೊಬೆ ನಗರದಲ್ಲಿ ಜಗತ್ತಿನ ಐದೂ ಟ್ಯೂನಾ ಸಂಸ್ಥೆಗಳು ಸೇರಿದವು. ಎರಡೂ ಉತ್ತರಗಳನ್ನು ಒಂದೇ ಚೌಕದಲ್ಲಿ ತೋರಿಸುವ ಪಟಕ್ಕೆ ಅಲ್ಲಿಂದ ಕೊಬೆ ಪಟ ಎಂಬ ಹೆಸರೇ ಬಂತು. ಮೀನೂ ಕಡಿಮೆ, ಹಿಡಿಯುವುದೂ ಜಾಸ್ತಿ ಅಂದರೆ ಕೆಂಪು. ಎರಡೂ ಸರಿ ಇದ್ದರೆ ಹಸಿರು. ಒಂದು ಸರಿ, ಇನ್ನೊಂದು ತಪ್ಪಾದರೆ ಹಳದಿ. ಸಂತತಿ ಕೆಂಪಿನಲ್ಲಿದ್ದರೆ ಏನು ಮಾಡಬೇಕು ಅನ್ನುವುದನ್ನು ಐಕ್ಯಾಟ್ 2011ರಲ್ಲಿ ನಿಯಮ ಮಾಡಿತು. ಅತಿಯಾಗಿ ಹಿಡಿಯುವುದನ್ನು ಆದಷ್ಟು ಬೇಗ ನಿಲ್ಲಿಸಬೇಕು, ಚೇತರಿಕೆಗೆ ಯೋಜನೆ ಹಾಕಬೇಕು. ಪುಟಗಟ್ಟಲೆ ವರದಿ ಓದದ ಮಂತ್ರಿಗೂ ಕೆಂಪು ಬಣ್ಣ ಅರ್ಥವಾಗುತ್ತದೆ. ಅದು ಈ ಪಟದ ದೊಡ್ಡ ಗುಣ.

ಗಡುವು ಹಾಕಿ, ಜೊತೆಗೆ ಒಂದು ಶೇಕಡಾವನ್ನೂ

2006ರ ನವೆಂಬರ್, ಕ್ರೊಯೇಷಿಯಾದ ಡುಬ್ರೋವ್ನಿಕ್. ಐಕ್ಯಾಟ್ ಸಭೆ ಒಪ್ಪಿದ ಗುರಿ ಹೀಗಿತ್ತು: 2022ರ ಹೊತ್ತಿಗೆ ಸಂತತಿ ಆರೋಗ್ಯಕರ ಮಟ್ಟ ತಲುಪಬೇಕು, ತಲುಪುವ ಸಾಧ್ಯತೆ ಶೇ 50ಕ್ಕಿಂತ ಹೆಚ್ಚಿರಬೇಕು. ಶೇ 50 ಅಂದರೆ ನಾಣ್ಯ ಚಿಮ್ಮಿದ ಹಾಗೆಯೇ ಅಲ್ವಾ? 2009ರಲ್ಲಿ ಇದನ್ನು ಶೇ 60ಕ್ಕೆ ಏರಿಸಿದರು. ಓದಲು ಸಣ್ಣ ತಿದ್ದುಪಡಿ. ಆದರೆ ಸಾಧ್ಯತೆ ಹತ್ತು ಪಾಯಿಂಟ್ ಮೇಲೆ ಹೋಗಬೇಕಾದರೆ ಮಿತಿ ಸಾವಿರಾರು ಟನ್ ಕೆಳಗೆ ಇಳಿಯಬೇಕು. ಯಾವ ಮೀನಿನ ಚೇತರಿಕೆ ಯೋಜನೆ ಕೈಗೆ ಸಿಕ್ಕಿದರೂ ನಾನು ಮೊದಲು ಹುಡುಕುವುದು ಈ ಶೇಕಡಾವನ್ನೇ.

ಮಿತಿ ಹಾಕುವುದು, ಅಂದರೆ ಜಗಳ

ವಿಜ್ಞಾನಿಗಳು ಸಲಹೆ ಕೊಡುತ್ತಾರೆ, ಸರ್ಕಾರಗಳು ಚೌಕಾಸಿ ಮಾಡುತ್ತವೆ. ಡುಬ್ರೋವ್ನಿಕ್‌ನಲ್ಲಿ ಚೌಕಾಸಿ ಗೆದ್ದಿತು, ಸಲಹೆಯ ಸುಮಾರು ದುಪ್ಪಟ್ಟು ಮಿತಿ ಬಂತು. 2008ರಲ್ಲಿ ಐಕ್ಯಾಟ್ ತಾನೇ ಕರೆಸಿದ ಹೊರಗಿನ ಪರಿಶೀಲಕರು ಬ್ಲೂಫಿನ್ ನಿರ್ವಹಣೆಯನ್ನು ಅಂತಾರಾಷ್ಟ್ರೀಯ ಅವಮಾನ ಎಂದು ಜನ ನೋಡುತ್ತಿದ್ದಾರೆ ಎಂದು ವರದಿಯಲ್ಲೇ ಬರೆದರು. ಮನೆಗೆ ಕರೆದ ಅತಿಥಿ ಊಟ ಸರಿಯಿಲ್ಲ ಅಂತ ಎಲೆಯ ಮುಂದೆಯೇ ಹೇಳಿದ ಹಾಗೆ. 2009ಕ್ಕೆ ಮಿತಿ 22,000 ಟನ್‌ಗೆ ಇಳಿಯಿತು.

ಅಷ್ಟರಲ್ಲಿ ಪುಟ್ಟ ಮೊನಾಕೊ ಬೇರೆ ದಾರಿ ಹಿಡಿಯಿತು. ಅಳಿವಿನಂಚಿನ ಜೀವಿಗಳ ವ್ಯಾಪಾರದ ಒಪ್ಪಂದದಲ್ಲಿ ಬ್ಲೂಫಿನ್ ಅನ್ನು ಮೊದಲ ಪಟ್ಟಿಗೆ ಸೇರಿಸಿ ಎಂದು ಕೇಳಿತು. ಹುಲಿ, ಆನೆಗಳಿರುವ ಪಟ್ಟಿ ಅದು. ಸೇರಿದ್ದರೆ ಅಂತಾರಾಷ್ಟ್ರೀಯ ವ್ಯಾಪಾರವೇ ಬಂದ್, ಅತಿ ದೊಡ್ಡ ಗಿರಾಕಿ ಜಪಾನ್‌ಗೆ ಒಂದು ಪೆಟ್ಟಿಗೆಯೂ ಹೋಗುತ್ತಿರಲಿಲ್ಲ. 2010ರ ಮಾರ್ಚ್‌ನಲ್ಲಿ ದೋಹಾದಲ್ಲಿ ಮತಕ್ಕೆ ಹಾಕಿದರು, ಪ್ರಸ್ತಾಪ ಸೋತಿತು. ಹಿಂದಿನ ರಾತ್ರಿ ಜಪಾನ್ ಕೊಟ್ಟ ಔತಣದಲ್ಲಿ ಇದೇ ಮೀನನ್ನು ಬಡಿಸಿದ್ದರು ಎಂದು ಪತ್ರಿಕೆಗಳು ಬರೆದವು.

ಸೋತರೂ ಹೆದರಿಕೆ ಕೆಲಸ ಮಾಡಿತು ಅನ್ನುವುದು ನನ್ನ ಅನಿಸಿಕೆ. ದೋಹಾ ಮತದಾನ ಕಣ್ಣ ಮುಂದೆ ಇದ್ದಾಗಲೇ ಐಕ್ಯಾಟ್ 2010ರ ಮಿತಿಯನ್ನು 13,500 ಟನ್‌ಗೆ ಇಳಿಸಿತು, 2011ಕ್ಕೆ 12,900. ವಿಜ್ಞಾನಿಗಳು ನಾಲ್ಕು ವರ್ಷದ ಹಿಂದೆ ಹೇಳಿದ ಗೆರೆಯ ಕೆಳಗೆ ಕೊನೆಗೂ ಬಂತು.

ಬೋಟ್ ಎಣಿಸಿ

ಮಿತಿ ಇಳಿಸಿ ಬೋಟ್‌ಗಳನ್ನು ಹಾಗೇ ಬಿಟ್ಟರೆ ಕಳ್ಳತನಕ್ಕೆ ನೀವೇ ಕರೆದ ಹಾಗೆ. ಸಾಲ ಮಾಡಿ ಕಟ್ಟಿಸಿದ ಬೋಟ್ ದಡದಲ್ಲಿ ಎಷ್ಟು ದಿನ ನಿಂತೀತು? ಈ ಕಷ್ಟ ಮಲ್ಪೆ, ಮಂಗಳೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಇದಕ್ಕೊಂದು ಸರಳ ಲೆಕ್ಕ ಇದೆ. ನಲವತ್ತು ಮೀಟರ್‌ಗಿಂತ ಉದ್ದದ ಪರ್ಸಿನ್ ಬೋಟ್, ಅಂದರೆ ಮೀನಿನ ಗುಂಪಿನ ಸುತ್ತ ಬಲೆ ಬಿಟ್ಟು ಹಿಡಿಯುವ ಬೋಟ್, ಒಂದು ವರ್ಷಕ್ಕೆ 70.7 ಟನ್ ಬ್ಲೂಫಿನ್ ಹಿಡಿಯಬಲ್ಲದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ನಿಮ್ಮ ದೇಶದ ಕೋಟಾ 707 ಟನ್ ಆದರೆ ಅಂಥ ಹತ್ತು ಬೋಟ್ ಇಟ್ಟುಕೊಳ್ಳಿ, ಹನ್ನೊಂದನೆಯದನ್ನು ಬಿಟ್ಟುಬಿಡಿ. ಹೆಚ್ಚುವರಿ ಬೋಟ್‌ಗಳನ್ನು 2010ರಿಂದ ಹಂತ ಹಂತವಾಗಿ ಇಳಿಸಿ 2013ರೊಳಗೆ ಪೂರ್ತಿ ತೆಗೆಯಬೇಕು ಎಂದಾಯಿತು. ಮೇಲಿನಿಂದ ಮೀನಿನ ಗುಂಪು ಹುಡುಕಿಕೊಡುತ್ತಿದ್ದ ವಿಮಾನ, ಹೆಲಿಕಾಪ್ಟರ್‌ಗಳನ್ನು 2006ರಲ್ಲೇ ನಿಷೇಧಿಸಿದ್ದರು.

ಗಾತ್ರ ಮತ್ತು ಕಾಲ

ಹಿಡಿಯಬಹುದಾದ ಕನಿಷ್ಠ ತೂಕವನ್ನು 10 ಕಿಲೊದಿಂದ 30 ಕಿಲೊಗೆ ಏರಿಸಿದರು. ಒಂದು ಸಲವಾದರೂ ಮೊಟ್ಟೆ ಇಟ್ಟು ಸಾಯಲಿ ಎಂದು. ಏಡ್ರಿಯಾಟಿಕ್ ಸಮುದ್ರ, ಬಿಸ್ಕೇ ಕೊಲ್ಲಿಯವರಿಗೆ 8 ಕಿಲೊದ ವಿನಾಯಿತಿ ಸಿಕ್ಕಿತು. ವಿನಾಯಿತಿ ಇಲ್ಲದ ನಿಯಮ ಎಲ್ಲಿದೆ ಹೇಳಿ.

ಕಾಲದ ವಿಷಯ ನಮಗೆ ವಿಚಿತ್ರ ಅನಿಸಬಹುದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ, ಮೀನು ಮೊಟ್ಟೆ ಇಡುವ ಕಾಲ ಅಂತ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಅಲ್ಲಿ ಉಲ್ಟಾ. ಪರ್ಸಿನ್ ಬೋಟ್‌ಗಳಿಗೆ ವರ್ಷಪೂರ್ತಿ ಬಾಗಿಲು ಹಾಕಿ, ಮೇ ಕೊನೆಯಿಂದ ಜೂನ್ ತನಕ ಸುಮಾರು ಒಂದು ತಿಂಗಳು ಮಾತ್ರ ತೆರೆಯುತ್ತಾರೆ, ಅದೂ ಸರಿಯಾಗಿ ಮೊಟ್ಟೆ ಇಡುವ ಸಮಯದಲ್ಲಿ. ಬಲೆಗೆ ಸಿಗುವ ಹಾಗೆ ಮೀನು ಮೇಲೆ ಬಂದು ಗುಂಪುಗೂಡುವುದೇ ಆಗ. ಯಾವಾಗ ಹಿಡಿದರು ಅನ್ನುವುದಕ್ಕಿಂತ ಎಷ್ಟು ಹಿಡಿದರು ಅನ್ನುವುದನ್ನು ಬಿಗಿ ಮಾಡಿದರೆ ಸಾಕು ಎಂಬ ಲೆಕ್ಕಾಚಾರ. ಎಣಿಕೆ ತಪ್ಪಿದರೆ ಮುಗಿಯಿತು.

ಪಂಜರದ ಬಾಗಿಲಲ್ಲಿ ಕ್ಯಾಮೆರಾ

ಎಣಿಕೆ ತಪ್ಪುತ್ತಿದ್ದದ್ದು ಹೆಚ್ಚಾಗಿ ಇಲ್ಲೇ. ಮೆಡಿಟರೇನಿಯನ್‌ನ ಪರ್ಸಿನ್ ಬೋಟ್ ಬ್ಲೂಫಿನ್ ಅನ್ನು ಬಂದರಿಗೆ ತರುವುದಿಲ್ಲ. ಬಲೆ ಸುತ್ತಿದ ಮೇಲೆ ನೀರೊಳಗೇ ಒಂದು ಬಾಗಿಲು ತೆರೆದು, ಜೀವಂತ ಮೀನನ್ನು ದೊಡ್ಡ ತೇಲುವ ಪಂಜರಕ್ಕೆ ದಾಟಿಸುತ್ತಾರೆ. ಆ ಪಂಜರವನ್ನು ಟಗ್ ಬೋಟ್ ಆಮೆ ನಡಿಗೆಯಲ್ಲಿ, ದಿನಗಟ್ಟಲೆ ವಾರಗಟ್ಟಲೆ ಎಳೆದುಕೊಂಡು ಮಾಲ್ಟಾ, ಸ್ಪೇನ್, ಕ್ರೊಯೇಷಿಯಾ, ಟರ್ಕಿಯ ಸಾಕಣೆ ಕೇಂದ್ರಗಳಿಗೆ ಒಯ್ಯುತ್ತದೆ. ಅಲ್ಲಿ ತಿಂಗಳುಗಟ್ಟಲೆ ಬೂತಾಯಿ, ಬಂಗುಡೆ ಜಾತಿಯ ಮೀನು ಹಾಕಿ ಕೊಬ್ಬಿಸಿ, ಆಮೇಲೆ ಕೊಂದು ಜಪಾನ್‌ಗೆ ಕಳಿಸುವುದು.

ಈಗ ನೀವೇ ಹೇಳಿ, ಇಷ್ಟರಲ್ಲಿ ತಕ್ಕಡಿ ಎಲ್ಲಿದೆ? ಹಿಡಿದ ದಿನದ ತೂಕ ಯಾರಿಗೂ ಗೊತ್ತಿಲ್ಲ. ಮುಳುಗುಗಾರ ಕಣ್ಣಂದಾಜಿನಲ್ಲಿ ಹೇಳಿದ್ದೇ ಲೆಕ್ಕ. ಕೋಟಾ ಮೀರಿ ಹಿಡಿದ ಮೀನನ್ನು ಪಂಜರದಲ್ಲಿ ತಿಂದು ದಪ್ಪಗಾಯಿತು ಅಂತ ತೋರಿಸಿದರೆ ಅಲ್ಲಗಳೆಯುವವರು ಯಾರು?

ಪರಿಹಾರ ಸುಲಭದ್ದೇ, ಜಾರಿಗೆ ಬರಲು ಮಾತ್ರ ವರ್ಷಗಳು ಹಿಡಿದವು. ಒಂದು ಪಂಜರದಿಂದ ಇನ್ನೊಂದಕ್ಕೆ ದಾಟಿಸುವಾಗಲೆಲ್ಲ ವಿಡಿಯೊ ಮಾಡಬೇಕು. ಸಾಕಣೆ ಪಂಜರಕ್ಕೆ ಹಾಕುವಾಗ ಎರಡು ಕಣ್ಣಿನ ಸ್ಟೀರಿಯೊ ಕ್ಯಾಮೆರಾ ಇರಬೇಕು. ನಮ್ಮ ಎರಡು ಕಣ್ಣು ದೂರ ಅಳೆಯುವ ಹಾಗೆಯೇ ಅದು ಪ್ರತಿ ಮೀನಿನ ಉದ್ದ ಅಳೆಯುತ್ತದೆ, ಉದ್ದದಿಂದ ತೂಕ ಲೆಕ್ಕ ಹಾಕಬಹುದು. ಬೋಟ್‌ನವರು ಹೇಳಿದ್ದಕ್ಕಿಂತ ಕ್ಯಾಮೆರಾ ಜಾಸ್ತಿ ಎಣಿಸಿದರೆ ಹೆಚ್ಚುವರಿ ಮೀನನ್ನು ಸಮುದ್ರಕ್ಕೆ ಬಿಡಬೇಕು. ಪ್ರತಿ ಪರ್ಸಿನ್ ಬೋಟ್ ಮೇಲೆ, ಪ್ರತಿ ಸಾಕಣೆ ಕೇಂದ್ರದಲ್ಲಿ ಹೊರಗಿನ ವೀಕ್ಷಕರು ಇರಬೇಕು. ನನ್ನನ್ನು ಕೇಳಿದರೆ ಇಡೀ ಯೋಜನೆಯ ನಟ್ಟು ಬೋಲ್ಟು ಇರುವುದು ಈ ಬಾಗಿಲಲ್ಲೇ.

ಮೀನಿನ ಹಿಂದೆ ಕಾಗದ

ಹಿಡಿದ ಕ್ಷಣದಿಂದ ಮಾರುಕಟ್ಟೆ ತನಕ ಮೀನಿನ ಜೊತೆ ಒಂದು ದಾಖಲೆ ಹೋಗಬೇಕು. ಮೊದಲು ಕಾಗದ ಇತ್ತು, 2016ರಿಂದ ಪೂರ್ತಿ ಎಲೆಕ್ಟ್ರಾನಿಕ್. ದಾಖಲೆ ಇಲ್ಲದ ಮೀನನ್ನು ಸದಸ್ಯ ದೇಶ ಆಮದು ಮಾಡಿಕೊಳ್ಳುವ ಹಾಗಿಲ್ಲ. ಸಮುದ್ರದ ಮಧ್ಯೆ ಒಂದು ಹಡಗಿನಿಂದ ಇನ್ನೊಂದಕ್ಕೆ ದಾಟಿಸುವ ಹಾಗಿಲ್ಲ. ಗೊತ್ತುಮಾಡಿದ ಬಂದರಿನಲ್ಲೇ ಇಳಿಸಬೇಕು, ಬರುವ ನಾಲ್ಕು ಗಂಟೆ ಮೊದಲೇ ತಿಳಿಸಬೇಕು. ಕೋಟಾ ಮೀರಿದರೆ ಮುಂದಿನ ವರ್ಷಗಳ ಪಾಲಿನಿಂದ ಮುರಿದುಕೊಳ್ಳುತ್ತಾರೆ. ಇನ್ನೂ ಗಟ್ಟಿ ಕೋಲೂ ಇದೆ. ನಿಯಮ ಗಾಳಿಗೆ ತೂರಿದ ಹಡಗುಗಳಿಗೆ ಬಾವುಟ ಕೊಟ್ಟಿದ್ದ ಬೆಲೀಜ್, ಹೊಂಡುರಾಸ್, ಪನಾಮಾ ದೇಶಗಳಿಂದ ಬ್ಲೂಫಿನ್ ತರಿಸಬೇಡಿ ಎಂದು ಐಕ್ಯಾಟ್ 1996ರಲ್ಲೇ ತೀರ್ಮಾನಿಸಿತ್ತು.

ಒಪ್ಪದವರು?

ಈ ಸಂಸ್ಥೆಗಳಿಗೆ ಪೊಲೀಸ್ ಇಲ್ಲ. ಸದಸ್ಯ ದೇಶ ಗಡುವಿನೊಳಗೆ ಆಕ್ಷೇಪಣೆ ಬರೆದು ಕೊಟ್ಟರೆ ಆ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ಭಾರತವೂ ಬರುತ್ತದೆ. ಹಿಂದೂ ಮಹಾಸಾಗರದ ಟ್ಯೂನಾ ಆಯೋಗ ಸೀಶೆಲ್ಸ್‌ನಲ್ಲಿದೆ. ಅಲ್ಲಿನ ಯೆಲ್ಲೋಫಿನ್ ಟ್ಯೂನಾ ಕೆಂಪಿಗೆ ಬಿದ್ದಿದೆ ಎಂದು 2015ರಲ್ಲಿ ಗೊತ್ತಾಯಿತು. ಮರುವರ್ಷದ ಯೋಜನೆ 2014ರಲ್ಲಿ ಹಿಡಿದ ಮೀನಿನ ಪ್ರಮಾಣವನ್ನು ಆಧಾರ ಮಾಡಿಕೊಂಡು, ಜಾಸ್ತಿ ಹಿಡಿಯುವ ದೇಶಗಳ ಪರ್ಸಿನ್‌ಗೆ ಶೇ 15, ಉದ್ದ ಗಾಳಕ್ಕೂ ನೀರಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಗಿಲ್‌ನೆಟ್ ಬಲೆಗೂ ಶೇ 10, ಉಳಿದವಕ್ಕೆ ಶೇ 5 ಕಡಿತ ಹಾಕಿತು. ಮುಂದೆ 2021ರಲ್ಲಿ ನಿಯಮ ಬಿಗಿಯಾದಾಗ ಭಾರತ, ಇಂಡೋನೇಷ್ಯಾ, ಇರಾನ್, ಒಮಾನ್ ಸೇರಿ ಆರು ದೇಶಗಳು ಆಕ್ಷೇಪಣೆ ಸಲ್ಲಿಸಿ ಹೊರಗುಳಿದವು. ದೂರದ ದೇಶಗಳ ದೈತ್ಯ ಹಡಗಿಗೂ ದಡದ ಸಣ್ಣ ದೋಣಿಗೂ ಒಂದೇ ತಕ್ಕಡಿಯಾ ಅನ್ನುವ ಪ್ರಶ್ನೆಯಲ್ಲಿ ನ್ಯಾಯ ಇದೆ. ಆದರೆ ಸಾವಿರ ಸಣ್ಣ ದೋಣಿ ಹಿಡಿದ ಮೀನೂ ಸಮುದ್ರದ ಲೆಕ್ಕದಲ್ಲಿ ಮೀನೇ. ಈ ಎರಡು ಮಾತನ್ನೂ ಒಟ್ಟಿಗೆ ನುಂಗುವುದು ಕಷ್ಟ.

ಮತ್ತೆ ತೆರೆಯುವುದು

ಬ್ಲೂಫಿನ್‌ಗೆ ಅದೃಷ್ಟವೂ ಕೈಹಿಡಿಯಿತು. 2003ರ ಸುಮಾರಿಗೆ ಹುಟ್ಟಿದ ಮರಿಗಳು ಹೇರಳವಾಗಿದ್ದವು. ಕನಿಷ್ಠ ತೂಕ 30 ಕಿಲೊ ಆಗಿ, ಮಿತಿ ಇಳಿಯುವ ಹೊತ್ತಿಗೆ ಅವು ಮೊಟ್ಟೆ ಇಡುವ ವಯಸ್ಸಿಗೆ ಬಂದಿದ್ದವು. ಮಿತಿ ಮತ್ತೆ ಏರಿತು: 2015ರಲ್ಲಿ 16,142 ಟನ್, 2017ರಲ್ಲಿ 23,155, 2020ರಲ್ಲಿ 36,000. 2021ರಲ್ಲಿ ಅಳಿವಿನ ಅಪಾಯದ ಕೆಂಪು ಪಟ್ಟಿ ಅಟ್ಲಾಂಟಿಕ್ ಬ್ಲೂಫಿನ್ ಅನ್ನು ಕಡಿಮೆ ಆತಂಕದ ಗುಂಪಿಗೆ ಇಳಿಸಿತು. 2022ರಿಂದ ಮಿತಿ ಹಾಕುವ ವಿಧಾನವೇ ಬದಲಾಗಿದೆ. ಯಾವ ಅಂಕಿ ಬಂದರೆ ಎಷ್ಟು ಟನ್ ಅನ್ನುವ ಸೂತ್ರವನ್ನು ಮೊದಲೇ ಒಪ್ಪಿಕೊಂಡು, ಮೂರು ವರ್ಷಕ್ಕೊಮ್ಮೆ ಲೆಕ್ಕ ಹಾಕುತ್ತಾರೆ. ಆ ಸೂತ್ರದ ಮೊದಲ ಉತ್ತರ 40,570 ಟನ್. ರಾತ್ರಿಯಿಡೀ ಚೌಕಾಸಿ ಮಾಡುವ ಜಾಗ ಕಡಿಮೆಯಾಯಿತು, ಪಾಲು ಹಂಚುವ ಜಗಳ ಮಾತ್ರ ಹಾಗೇ ಇದೆ.

ಚೇತರಿಕೆ ಯೋಜನೆ ಅನ್ನುವ ಹೆಸರು ತೆಗೆದು ನಿರ್ವಹಣಾ ಯೋಜನೆ ಎಂದು ಬದಲಿಸಿದ್ದು 2018ರ ನವೆಂಬರ್‌ನಲ್ಲಿ, ಮತ್ತೆ ಅದೇ ಡುಬ್ರೋವ್ನಿಕ್‌ನಲ್ಲಿ. ಸರಿಯಾಗಿ ಅದರ ಹಿಂದಿನ ತಿಂಗಳು ಯುರೋಪಿನ ಪೊಲೀಸರು ಒಂದು ಸುದ್ದಿ ಹೊರಹಾಕಿದ್ದರು. ಅಕ್ರಮ ಬ್ಲೂಫಿನ್ ಜಾಲವೊಂದರಲ್ಲಿ 79 ಜನರನ್ನು ಹಿಡಿದಿದ್ದೇವೆ, ಈ ದಂಧೆಯಲ್ಲಿ ವರ್ಷಕ್ಕೆ ಸುಮಾರು 2,500 ಟನ್ ಮೀನು ಕೈ ಬದಲಾಗುತ್ತಿದೆ ಎಂದು. ಹೆಸರು ಬದಲಿಸಿದ ಸಭೆ ಪಂಜರದ ಬಾಗಿಲಿನ ಕ್ಯಾಮೆರಾಗಳನ್ನು ತೆಗೆಯಲಿಲ್ಲ.